ಹಂಗೇರಿಯನ್–ಫ್ರೆಂಚ್ ದುಭಾಷಿ ಹುಡುಕುವುದು: ಪ್ಯಾರಿಸ್‌ಗೆ ಹೊಸದಾಗಿ ಬಂದ ಸಂಶೋಧಕರಿಗೆ

ಸಮಾಜಶಾಸ್ತ್ರ, ಇತಿಹಾಸ ಅಥವಾ ಮಾನವಶಾಸ್ತ್ರ ವಿಭಾಗಕ್ಕೆ ಸೇರಿದ ಹೊಸಬರ ಹೆಗಲಿಗೆ ಸೆಮಿನಾರ್ ಏರ್ಪಾಡು ಬೇಗ ಬೀಳುತ್ತದೆ. ಬುಡಾಪೆಸ್ಟ್‌ನ ಅತಿಥಿ ಹಂಗೇರಿಯನ್‌ನಲ್ಲಿ ಮಾತಾಡುತ್ತಾರೆ, ಕೂತು ಕೇಳುವವರು ಫ್ರೆಂಚರು. ಇಮೇಲ್ ಬರೆಯುವಾಗ ಪದ ಸರಿಯಿರಲಿ: ಬರಹ ಅನುವಾದಿಸುವವರು ‘ಟ್ರಾಡ್ಯುಕ್ತರ್’, ಮಾತು ದಾಟಿಸುವವರು ‘ಎಂತೆರ್‌ಪ್ರೆತ್’. ಫ್ರಾನ್ಸ್‌ನ ಮೇಲ್ಮನವಿ ನ್ಯಾಯಾಲಯಗಳ ಪಟ್ಟಿಯಲ್ಲಿರುವ, ಪ್ರಮಾಣವಚನ ಸ್ವೀಕರಿಸಿದ ಅನುವಾದಕರು, ದುಭಾಷಿಗಳು ಕೋರ್ಟು ಮತ್ತು ಸರಕಾರಿ ಕಾಗದಪತ್ರಗಳ ಕೆಲಸಕ್ಕೆ. ಸೆಮಿನಾರಿಗೆ ಅಂಥವರೇ ಬೇಕೆಂದಿಲ್ಲ.

ಹುಡುಕಾಟವನ್ನು ಎಐಐಸಿಯಿಂದ ಶುರುಮಾಡಿ. ಸಮ್ಮೇಳನ ದುಭಾಷಿಗಳ ಈ ಅಂತರರಾಷ್ಟ್ರೀಯ ಸಂಘ 1953ರಲ್ಲಿ ಹುಟ್ಟಿದ್ದು, ಸದಸ್ಯರ ಪಟ್ಟಿ ಜಾಲತಾಣದಲ್ಲೇ ಇದೆ. ಬುಡಾಪೆಸ್ಟ್‌ನ ಎಲ್ಟೆ ವಿಶ್ವವಿದ್ಯಾಲಯದ ದುಭಾಷಿ ತರಬೇತಿ ವಿಭಾಗಕ್ಕೂ, ಹಂಗೇರಿಯನ್ ಕಲಿಸುವ ಪ್ಯಾರಿಸ್‌ನ ಭಾಷಾ ಸಂಸ್ಥೆ ಇನಾಲ್ಕೋಗೂ ಬರೆದು ವಿಚಾರಿಸಬಹುದು.

ಹೆಚ್ಚಿನವರು ಎಡವುವುದು ಪಟ್ಟಿಯಲ್ಲಿ ಭಾಷೆಯ ಪಕ್ಕದಲ್ಲಿರುವ ಅಕ್ಷರ ನೋಡದೆ. ಎ ಎಂದರೆ ತಾಯ್ನುಡಿ, ಬಿ ಎಂದರೆ ಸಮರ್ಥವಾಗಿ ಮಾತಾಡಬಲ್ಲ ಭಾಷೆ, ಸಿ ಎಂದರೆ ಕೇಳಿ ಅರ್ಥಮಾಡಿಕೊಳ್ಳುವುದಕ್ಕೆ ಮಾತ್ರ. ಫ್ರೆಂಚ್ ಎ, ಹಂಗೇರಿಯನ್ ಸಿ ಇದ್ದವರು ಉಪನ್ಯಾಸವನ್ನು ಸೊಗಸಾಗಿ ಫ್ರೆಂಚಿಗೆ ತರುತ್ತಾರೆ. ಆದರೆ ಸಭಿಕರ ಪ್ರಶ್ನೆಯನ್ನು ಅತಿಥಿಗೆ ಹಂಗೇರಿಯನ್‌ನಲ್ಲಿ ಹೇಳುವುದು ಅವರ ಕೆಲಸವಲ್ಲ. ಪ್ರಶ್ನೋತ್ತರ ಇದ್ದರೆ ಹಂಗೇರಿಯನ್ ಎ, ಫ್ರೆಂಚ್ ಬಿ ಇರುವವರನ್ನು ಕೇಳಿ.

ಬೂತಿನಲ್ಲಿ, ಅಂದರೆ ಸದ್ದು ತಡೆಯುವ ಪುಟ್ಟ ಕೋಣೆಯಲ್ಲಿ ಕೂತು ಜೊತೆಜೊತೆಗೇ ಹೇಳುವ ಕೆಲಸಕ್ಕೆ ಇಬ್ಬರು ಬೇಕು, 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರನ್ನೇ ಕರೆದು ಉಳಿಸಲು ಹೋದರೆ ಗಮನ ಸೋತು ಅರ್ಧ ಮಾತು ಕಳೆದುಹೋಗುತ್ತದೆ. ಸಂಶೋಧನೆಯ ಸಂದರ್ಶನಕ್ಕಾದರೆ ಒಬ್ಬರು ಸಾಕು, ನಿಲ್ಲಿಸಿ ನಿಲ್ಲಿಸಿ ಹೇಳುತ್ತಾರೆ. ಒಂದು ಗಂಟೆಯ ಮಾತಿಗೆ ಎರಡು ಗಂಟೆ ಎಂದೇ ಲೆಕ್ಕ ಹಾಕಿ.

ಭಾಷೆ ಬಂದರೆ ಸಾಲದು, ವಿಷಯ ಗೊತ್ತಿರಬೇಕು. ಫ್ರೆಂಚಿನ ‘ಸೋಸ್ಯಾಲ್’ ಒಂದೇ ಪದ. ಹಂಗೇರಿಯನ್‌ನಲ್ಲಿ ಸಮಾಜಕ್ಕೆ ಸಂಬಂಧಿಸಿದ್ದು ‘ತಾರ್ಶದಲ್ಮಿ’, ಬಡವರಿಗೆ ನೆರವು, ಕಲ್ಯಾಣ ಕಾರ್ಯಕ್ರಮ ಎಂಬರ್ಥದ್ದು ‘ಸೊತ್ಸಿಯಾಲಿಶ್’. ‘ಪೊಲ್ಗಾರ್’ ಸಂದರ್ಭ ನೋಡಿ ‘ನಾಗರಿಕ’ವೂ ಆಗುತ್ತದೆ, ‘ಬೂರ್ಜ್ವಾ’ವೂ ಆಗುತ್ತದೆ. ಹಳ್ಳಿಯ ಹಿರಿಯರು ‘ತೇಎಸ್’ ಎಂದರೆ ಸಮಾಜವಾದಿ ಕಾಲದ ಸಾಮೂಹಿಕ ಬೇಸಾಯದ ಸಹಕಾರ ಸಂಘ. ಇದು ಗೊತ್ತಿಲ್ಲದ ದುಭಾಷಿ ಸಂದರ್ಶನದ ಮಧ್ಯೆ ತಡವರಿಸುತ್ತಾರೆ. ಇನ್ನೊಂದು ತೊಡಕು: ಅವನು, ಅವಳು ಎರಡಕ್ಕೂ ಹಂಗೇರಿಯನ್‌ನಲ್ಲಿ ಒಂದೇ ಸರ್ವನಾಮ, ನಮ್ಮ ‘ಅವರು’ ಲಿಂಗ ಹೇಳದ ಹಾಗೆ. ಫ್ರೆಂಚಿನಲ್ಲಿ ‘ಇಲ್’ ಅಥವಾ ‘ಎಲ್’ ಆರಿಸಲೇಬೇಕು. ಹಾಗಾಗಿ ಮಾತಿನಲ್ಲಿ ಬರುವವರ ಹೆಸರು, ಗಂಡೋ ಹೆಣ್ಣೋ ಎಂಬ ಪಟ್ಟಿ ಮೊದಲೇ ಕೊಡಿ. ಹಂಗೇರಿಯಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ ಎಂಬುದೂ ನೆನಪಿರಲಿ. ಪ್ರಬಂಧ, ಸ್ಲೈಡು, ಪದಪಟ್ಟಿ ಎರಡು ವಾರ ಮುಂಚೆ ಕೈಸೇರಬೇಕು.

ದರ ಸಾಮಾನ್ಯವಾಗಿ ದಿನದ ಲೆಕ್ಕ, ಪ್ರಯಾಣ ಬೇರೆ. ‘ದೆವಿ’, ಅಂದರೆ ಲಿಖಿತ ಅಂದಾಜು ಪಟ್ಟಿ ತರಿಸಿಕೊಳ್ಳಿ. ಧ್ವನಿಮುದ್ರಣಕ್ಕೆ ದುಭಾಷಿಯ ಒಪ್ಪಿಗೆ ಇದೆಯೇ ಎಂಬುದನ್ನು ಅದರಲ್ಲೇ ಬರೆಸಿ. ವಿಶ್ವವಿದ್ಯಾಲಯದ ಖರೀದಿ ಆದೇಶ ಕೆಲಸಕ್ಕೆ ಮುಂಚೆಯೇ ಹೊರಡಬೇಕು, ಇಲ್ಲದಿದ್ದರೆ ಬಿಲ್ಲು ಲೆಕ್ಕಪತ್ರ ವಿಭಾಗದಲ್ಲೇ ಕೂತುಬಿಡುತ್ತದೆ. ಫ್ರಾನ್ಸ್‌ನಲ್ಲಿರುವ ದುಭಾಷಿಯಾದರೆ 14 ಅಂಕಿಯ ಸಿರೆತ್, ಅಂದರೆ ವೃತ್ತಿ-ವ್ಯವಹಾರದ ನೋಂದಣಿ ಸಂಖ್ಯೆ ಬಿಲ್ಲಿನಲ್ಲಿರಲಿ.

ಒಪ್ಪಂದಕ್ಕೆ ಮುಂಚೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿ. ‘ತಾರ್ಶದಲ್ಮಿ’, ‘ಸೊತ್ಸಿಯಾಲಿಶ್’ ಎರಡೂ ಇರುವ ಒಂದು ಪ್ಯಾರಾ ಓದಿಸಿ, ಫ್ರೆಂಚಿನಲ್ಲಿ ಆ ವ್ಯತ್ಯಾಸ ಹೇಗೆ ಉಳಿಸುತ್ತೀರಿ ಎಂದು ಕೇಳಿ.