ಊರಿಗೆ ಕಳಿಸಿದ ದುಡ್ಡನ್ನು ಬ್ರಿಟನ್ನಿನ ಬ್ಯಾಂಕ್ ವಾಪಸ್ ಕೊಡುವುದಿಲ್ಲ

ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅನ್ನುವುದು ನಿಮಗೂ ಗೊತ್ತು, ಊರಿನಲ್ಲಿರುವ ಅಜ್ಜಿಗೂ ಗೊತ್ತು. ಅದನ್ನು ಬಿಟ್ಟುಬಿಡೋಣ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ಬ್ರಿಟನ್ನಿಗೆ ಬಂದವರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. "ಇಲ್ಲಿ ಮೋಸ ಆದ್ರೆ ಬ್ಯಾಂಕೇ ದುಡ್ಡು ಕೊಡುತ್ತೆ." ಹೊಸದರಲ್ಲಿ ನಾನೂ ಹಾಗೇ ನಂಬಿದ್ದೆ. ಅದು ಅರ್ಧ ಮಾತ್ರ ನಿಜ.

ನಿಜ ಇರುವ ಅರ್ಧ ಇದು. 2024ರ ಅಕ್ಟೋಬರ್ 7ರಿಂದ ಇಲ್ಲಿ ಹೊಸ ನಿಯಮ ಇದೆ. ಯಾರೋ ನಂಬಿಸಿ ನಮ್ಮ ಕೈಯಿಂದಲೇ ದುಡ್ಡು ಹಾಕಿಸಿಕೊಂಡರೂ ಬ್ಯಾಂಕ್ 85,000 ಪೌಂಡ್‌ವರೆಗೆ ವಾಪಸ್ ಕೊಡಬೇಕು. 13 ತಿಂಗಳೊಳಗೆ ದೂರು ಕೊಡಬೇಕು. ಬ್ಯಾಂಕ್ 100 ಪೌಂಡ್ ಹಿಡಿದುಕೊಳ್ಳಬಹುದು. ಆದರೆ ವಯಸ್ಸು, ಕಾಯಿಲೆ, ಮರೆವು ಇಂಥ ಕಾರಣಕ್ಕೆ ಮೋಸ ತಡೆಯಲಾಗದ ಸ್ಥಿತಿಯಲ್ಲಿದ್ದರು ಅಂತ ಬ್ಯಾಂಕ್ ಒಪ್ಪಿದರೆ ಆ 100 ಪೌಂಡೂ ಹಿಡಿಯುವಂತಿಲ್ಲ, ನಿಮ್ಮದೇ ಅಜಾಗ್ರತೆ ಅಂತ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಅದಕ್ಕೇ ಮೊದಲ ಫೋನಿನಲ್ಲೇ ಇದನ್ನೆಲ್ಲ ಬಿಡಿಸಿ ಹೇಳಿ. ಈ ವಿಷಯದಲ್ಲಿ ಇಲ್ಲಿನ ವ್ಯವಸ್ಥೆಯೇ ಮೇಲು ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ನಾವೇ ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ ಅಂತಿತ್ತು.

ಇನ್ನರ್ಧ ಕೇಳಿ. ಈ ನಿಯಮ ಬ್ರಿಟನ್ನಿನ ಒಂದು ಖಾತೆಯಿಂದ ಬ್ರಿಟನ್ನಿನದೇ ಇನ್ನೊಂದು ಖಾತೆಗೆ ಹೋದ ದುಡ್ಡಿಗೆ ಮಾತ್ರ. ದೇಶ ದಾಟಿದ ದುಡ್ಡಿಗೆ ಇಲ್ಲ. ನಮ್ಮವರು ಸಿಕ್ಕಿಬೀಳುವುದೇ ಇಲ್ಲಿ, ಯಾಕೆಂದರೆ ಊರಿಗೆ ದುಡ್ಡು ಕಳಿಸುವುದು ನಮಗೆ ದಿನನಿತ್ಯದ ಕೆಲಸ, ಅದರಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ.

ಮಂಜೇಶ್ವರ ಕಡೆಯ ಒಬ್ಬರು ಅತ್ತೆ ಇದ್ದಾರೆ. ಇಲ್ಲಿ ನೆಲೆಸಿ ತುಂಬ ವರ್ಷ ಆಯಿತು, ಪೆನ್ಶನ್ ಬರುತ್ತದೆ. ಒಂದು ಶುಕ್ರವಾರ ಸಂಜೆ ಅವರಿಗೆ ಮೆಸೇಜ್ ಬಂತು. "ಅತ್ತೆ, ಫೋನ್ ಹಾಳಾಗಿದೆ, ಇದು ಹೊಸ ನಂಬರ್. ಅಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಬಂದಿದ್ದೇವೆ, ಅರ್ಜೆಂಟಾಗಿ ದುಡ್ಡು ಕಟ್ಟಬೇಕು." ಕಾಸರಗೋಡಿನವರು ದೊಡ್ಡ ಕಾಯಿಲೆಗೆ ಓಡುವುದು ಮಂಗಳೂರಿಗೇ ಅಲ್ವಾ, ಹಾಗಾಗಿ ನಂಬಿಬಿಟ್ಟರು. ಪ್ರತಿ ತಿಂಗಳು ಬಳಸುವ ಆ್ಯಪಿನಿಂದಲೇ ಭಾರತದ ಖಾತೆಗೆ ಹಾಕಿದರು. ರಾತ್ರಿ ನಿಜವಾದ ಅಳಿಯನಿಗೆ ಫೋನ್ ಮಾಡಿದಾಗ ಬಣ್ಣ ಬಯಲಾಯಿತು. ಮಗ ಇಲ್ಲಿನ ಬ್ಯಾಂಕಿಗೆ ದೂರು ಕೊಟ್ಟು, ದುಡ್ಡು ಹೇಗೂ ಬರುತ್ತದೆ ಅಂತ ಸುಮ್ನೆ ಕೂತ. ಸೋಮವಾರ ಉತ್ತರ ಬಂತು. ಹೊರದೇಶಕ್ಕೆ ಹೋದದ್ದು, ನಿಯಮಕ್ಕೆ ಸೇರುವುದಿಲ್ಲ. ಅಷ್ಟರಲ್ಲಿ ಅತ್ತ ಖಾತೆಯೂ ಖಾಲಿ.

ಹೋದದ್ದು ಆ ಎರಡು ದಿನ. ಹೀಗಾದರೆ ಮೊದಲು ದುಡ್ಡು ಕಳಿಸಿದ ಆ್ಯಪಿನವರನ್ನು ಹಿಡಿಯಿರಿ. ಅತ್ತ ಜಮಾ ಆಗದಿದ್ದರೆ ತಡೆಯುವ ಅವಕಾಶ ಇರುತ್ತದೆ. ಅದೇ ಹೊತ್ತಿಗೆ ಊರಿನಲ್ಲಿರುವ ತಮ್ಮನೋ ಭಾವನೋ ಭಾರತದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ದುಡ್ಡು ಹೋದ ಖಾತೆ ನಂಬರ್, ಹೊತ್ತು, ವಹಿವಾಟಿನ ನಂಬರ್ ಕೈಯಲ್ಲಿರಲಿ. ದುಡ್ಡು ಖಾತೆಯಲ್ಲಿ ಉಳಿದಿದ್ದರೆ ತಡೆಹಿಡಿಯುವ ವ್ಯವಸ್ಥೆ ಅದು. ಇದರಲ್ಲಿ ಭಾರತದ್ದೇ ಒಳ್ಳೆಯದು, ಇಡೀ ದೇಶಕ್ಕೆ ಒಂದೇ ನಂಬರ್.

ಭೇಟಿಗೆ ಬಂದ ಅಪ್ಪ-ಅಮ್ಮ ಭಾರತದ ಕಾರ್ಡೇ ಬಳಸುತ್ತಾರಲ್ಲ, ಅದಕ್ಕೂ ಈ ನಿಯಮ ಇಲ್ಲ. ಅವರ ಬ್ಯಾಂಕಿನ ವಿದೇಶದಿಂದ ಕರೆ ಮಾಡುವ ನಂಬರನ್ನು ಬಂದ ದಿನವೇ ಬರೆದಿಡಿ.

ಇಲ್ಲಿನ ಖಾತೆಯಾದರೆ 159ಕ್ಕೆ ಫೋನ್ ಮಾಡಿ. ಹೆಚ್ಚಿನ ಬ್ಯಾಂಕುಗಳಿಗೆ ಅದರಿಂದಲೇ ನೇರ ಸಂಪರ್ಕ ಸಿಗುತ್ತದೆ. "ನಿಮ್ಮ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ" ಅಂತ ಯಾರೇ ಕರೆ ಮಾಡಲಿ, ಫೋನ್ ಇಟ್ಟು ನೀವೇ 159 ಒತ್ತಿ. ಪಾರ್ಸೆಲ್ ಬಂದಿದೆ, ಎರಡು ಪೌಂಡ್ ಕಟ್ಟಿ ಅನ್ನುವ ಮೆಸೇಜ್ ಬರುತ್ತದಲ್ಲ, ಅದಕ್ಕೆ ಕಾರ್ಡ್ ನಂಬರ್ ಹಾಕಿದ ಕೆಲವು ದಿನಕ್ಕೆ ಇಂಥ ಕರೆ ಬರುತ್ತದೆ. ಎರಡು ಪೌಂಡ್ ಅವರಿಗೆ ಬೇಕಾಗಿಯೇ ಇಲ್ಲ. ಆ ಮೆಸೇಜುಗಳನ್ನು, ಮೋಸದ ಮೆಸೇಜಿನ ದೂರಿಗೆಂದೇ ಇರುವ 7726ಕ್ಕೆ ಫಾರ್ವರ್ಡ್ ಮಾಡಿ, ಖರ್ಚಿಲ್ಲ.

ಇನ್ನೊಂದು. ಅನುಮಾನ ಬಂದರೆ ಬ್ಯಾಂಕ್ ಪಾವತಿಯನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತದೆ. 2024ರ ಕೊನೆಯಿಂದ, ಮೋಸ ಅನ್ನಿಸಿದರೆ ಇನ್ನೂ 72 ಗಂಟೆ ತಡೆದಿಡುವ ಅಧಿಕಾರ ಬ್ಯಾಂಕಿಗಿದೆ. "ಬ್ಯಾಂಕಿನವರು ಕೇಳಿದರೆ ಮನೆ ರಿಪೇರಿಗೆ ಅನ್ನಿ" ಅಂತ ಮೋಸಗಾರರು ಮೊದಲೇ ಪಾಠ ಮಾಡಿರುತ್ತಾರೆ. ಬ್ಯಾಂಕಿಗೆ ಸುಳ್ಳು ಹೇಳು ಅಂದವನು ಕಳ್ಳನೇ ಅಂತ ಹಿರಿಯರಿಗೆ ಕನ್ನಡದಲ್ಲೇ, ಕೂರಿಸಿಕೊಂಡು ಹೇಳಿ.

ಅತ್ತೆಯ ಮನೆಯಲ್ಲಿ ಈಗ ಫ್ರಿಜ್ ಮೇಲೆ ಒಂದು ಚೀಟಿ ಇದೆ. 159, 7726, ಕೆಳಗೆ ಒಂದು ಪ್ರಶ್ನೆ: "ನಮ್ಮ ಮನೆಯ ಸುರಂಗ ಎಷ್ಟು ಕೋಲು?" ಹೊಸ ನಂಬರಿನಿಂದ ಯಾರೇ ದುಡ್ಡು ಕೇಳಿದರೂ ಅವರು ಅದನ್ನು ಕೇಳುತ್ತಾರೆ. ಸುರಂಗ ಅಂದರೆ ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು, ಕೋಲು ಅದರ ಉದ್ದದ ಅಳತೆ. ಆ ತೋಟದ ನೀರು ಕುಡಿದು ಬೆಳೆದವರಿಗೆ ಮಾತ್ರ ಗೊತ್ತಿರುವ ಲೆಕ್ಕ ಅದು. ನಿಮ್ಮ ಮನೆಗೆ ಹೊಂದುವ ಪ್ರಶ್ನೆ ಇಟ್ಟುಕೊಳ್ಳಿ, ಫೇಸ್‌ಬುಕ್ಕಿನಲ್ಲಿ ಸಿಗುವ ಹುಟ್ಟಿದ ದಿನ ಮಾತ್ರ ಬೇಡ.

ನಿಯಮಕ್ಕೆ ಸೇರುವ ದುಡ್ಡಿಗೂ ಬ್ಯಾಂಕ್ ಇಲ್ಲ ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಬರೆಯಿರಿ. ಶುಲ್ಕ ಇಲ್ಲ, ವಕೀಲರೂ ಬೇಡ. ಬ್ಯಾಂಕಿನ ಕೊನೆಯ ಉತ್ತರ ಬಂದ ಆರು ತಿಂಗಳೊಳಗೆ ಬರೆಯಬೇಕು, ಆ ಪತ್ರವನ್ನು ಎಸೆಯಬೇಡಿ.