ಅಲ್ಲಿ ಸೆಕ್ರೆಟರಿ ಸಂಬಳದ ನೌಕರರಲ್ಲ: ಕೆನಡಾದ ವಸತಿ ಸಹಕಾರ ಸಂಘಕ್ಕೆ ಸೇರುವ ನಮ್ಮವರಿಗೆ

ಕಳೆದ ಬಾರಿ ಊರಿಗೆ ಬಂದಿದ್ದಾಗ, ಬದಿಯಡ್ಕದ ಸಮೀಪದ ನಮ್ಮ ಮನೆಯ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ರಾಶಿ ಮಾಡುತ್ತಿದ್ದ ಹೊತ್ತಿಗೆ, ನೆರೆಮನೆಯ ಹುಡುಗ ಬಂದು ಜಗಲಿಯಲ್ಲಿ ಕುಳಿತ. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಸತಿ ಸಹಕಾರ ಸಂಘವೊಂದರಲ್ಲಿ ಅವನಿಗೆ ಮನೆ ಸಿಕ್ಕಿತ್ತು. "ಮಾವ, ಏನಾದರೂ ರಿಪೇರಿ ಇದ್ದರೆ ಸೆಕ್ರೆಟರಿಯವರ ಹತ್ತಿರ ಹೇಳಿದರೆ ಸಾಕಲ್ಲವೇ?" ಎಂದು ಕೇಳಿದ. ಕಾಸರಗೋಡಿನಲ್ಲಿ ಬೆಳೆದವರೆಲ್ಲ ಕೇಳುವ ಪ್ರಶ್ನೆಯೇ ಇದು. ನಮ್ಮ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಅಧ್ಯಕ್ಷರು ಚುನಾಯಿತರು, ಸೆಕ್ರೆಟರಿ ಸಂಬಳ ಪಡೆಯುವ ಮುಖ್ಯ ನೌಕರರು. ಕೆನಡಾದ ವಸತಿ ಸಂಘದಲ್ಲಿ ಸಾಮಾನ್ಯವಾಗಿ ಸೆಕ್ರೆಟರಿ ಎಂದರೆ ಸಭೆಯ ನಡಾವಳಿಯ ಹೊಣೆ ಹೊತ್ತ, ಸದಸ್ಯರಿಂದಲೇ ಆಯ್ಕೆಯಾದ ನಿರ್ದೇಶಕರು. ಕಚೇರಿ ನಡೆಸುವ ನೌಕರರನ್ನು ಕೋಆರ್ಡಿನೇಟರ್ ಅಥವಾ ಮ್ಯಾನೇಜರ್ ಎನ್ನುತ್ತಾರೆ. ಕೆಲವು ಸಂಘಗಳು ಆ ಕೆಲಸವನ್ನು ನಿರ್ವಹಣಾ ಕಂಪೆನಿಗೆ ಒಪ್ಪಿಸಿರುತ್ತವೆ.

ಕೆನಡಾದಲ್ಲಿ ಇಂತಹ ಲಾಭರಹಿತ ವಸತಿ ಸಂಘಗಳು 2,200ಕ್ಕೂ ಹೆಚ್ಚಿವೆ. ಕುಟುಂಬಗಳಿಗಾಗಿ ಕಟ್ಟಿದ ಮೊದಲನೆಯದು ವಿನಿಪೆಗ್‌ನ ವಿಲ್ಲೋ ಪಾರ್ಕ್. ಅದು 1966ರಲ್ಲಿ ತೆರೆಯಿತು. ವಾಸವಾಗಿರುವವರೇ ಸದಸ್ಯರು, ಒಬ್ಬರಿಗೆ ಒಂದೇ ಮತ. ಮನೆಯನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ತಿಂಗಳಿಗೆ ನಿಗದಿಯಾದ ವಸತಿ ಶುಲ್ಕವನ್ನು ಎಲ್ಲರೂ ಕಟ್ಟುತ್ತಾರೆ. ನಮ್ಮಲ್ಲಿಯ ಹಾಗೆ ಪಕ್ಷಗಳ ಪ್ಯಾನೆಲ್‌ಗಳು ಅಲ್ಲಿ ಸ್ಪರ್ಧಿಸುವುದಿಲ್ಲ. ಸದಸ್ಯರು ತಮ್ಮೊಳಗಿನಿಂದ ಆರಿಸಿದ ಮಂಡಳಿ ಸಂಬಳವಿಲ್ಲದೆ ದುಡಿಯುತ್ತದೆ, ಆದರೆ ಕಾನೂನಿನ ಕಣ್ಣಿನಲ್ಲಿ ಸಿಬ್ಬಂದಿಯ ಉದ್ಯೋಗದಾತ ಸಂಘವೇ ಆದ್ದರಿಂದ ಆ ಹೊಣೆ ಬಂದು ಬೀಳುವುದು ಮಂಡಳಿಯ ಹೆಗಲಿಗೆ.

ಈ ವ್ಯವಸ್ಥೆಯಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಅಧಿಕಾರ ಇರುವುದು ಕೋರಂ ತುಂಬಿದ ಸಭೆಯಲ್ಲಿ ಠರಾವು ಮಾಡುವ ಮಂಡಳಿಗೆ. ಸಭೆ ಮುಗಿದು ಮೆಟ್ಟಿಲಿಳಿದ ನಿರ್ದೇಶಕ ಉಳಿದವರಂತೆ ಒಬ್ಬ ಸದಸ್ಯ ಮಾತ್ರ. ನನಗೆ ಇದು ತಿಳಿದದ್ದು ತಪ್ಪು ಮಾಡಿದ ಮೇಲೆ. ಅಲ್ಲಿ ನಾನು ವಾಸವಿರುವ ಸಂಘದ ಮಂಡಳಿಗೆ ಆಯ್ಕೆಯಾದ ಮೊದಲ ವರ್ಷ, ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಸಿಕ್ಕ ದುರಸ್ತಿ ಕೆಲಸಗಾರರಿಗೆ, ಮೂರನೆಯ ಮಹಡಿಯ ವೃದ್ಧೆಯ ಅಡುಗೆಮನೆಯ ನಲ್ಲಿ ಸೋರುತ್ತಿದೆ, ಮೊದಲು ಅದನ್ನು ನೋಡಿ ಎಂದೆ. ಒಳ್ಳೆಯ ಕೆಲಸವೆಂದೇ ನಾನು ನಂಬಿದ್ದೆ. ಅದೇ ದಿನ ಇನ್ನೊಬ್ಬ ನಿರ್ದೇಶಕರು ಮೊಗಸಾಲೆಯ ದೀಪಗಳನ್ನು ಬದಲಿಸಲು ಹೇಳಿದ್ದರು. ಕೋಆರ್ಡಿನೇಟರ್ ಕೊಟ್ಟಿದ್ದದ್ದು ಖಾಲಿಯಾದ ಮನೆಗೆ ಬಣ್ಣ ಬಳಿಯುವ ಕೆಲಸ. ಮರುದಿನ ಆ ಕೆಲಸಗಾರರು ಅಂಗಿಯ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕಚೇರಿಯ ಮೇಜಿನ ಮೇಲೆ ಹರಡಿದರು. ಮೂವರ ಆದೇಶಗಳನ್ನೂ ಒಂದರ ಕೆಳಗೊಂದು ಬರೆದು, "ಇವುಗಳಲ್ಲಿ ನನ್ನ ಕೆಲಸ ಯಾವುದು?" ಎಂದು ಕೇಳಿದ್ದರು. ಆ ಚೀಟಿಯ ಮುಂದೆ ನನಗೆ ಹೇಳಲು ಮಾತಿರಲಿಲ್ಲ. ಮುಂದಿನ ಸಭೆಯಲ್ಲಿ, ಮಂಡಳಿಯ ನಿರ್ಣಯಗಳು ಅಧ್ಯಕ್ಷರ ಮೂಲಕ ಕೋಆರ್ಡಿನೇಟರ್‌ಗೆ, ಅವರಿಂದ ಮಾತ್ರ ಉಳಿದ ಸಿಬ್ಬಂದಿಗೆ ತಲುಪಬೇಕೆಂದು ನಡಾವಳಿಯಲ್ಲಿ ಬರೆಸಿದೆವು.

ಬಜೆಟ್ ತಯಾರಿಸಿ ಸದಸ್ಯರ ಮುಂದಿಡುವುದು, ನೀತಿ ರೂಪಿಸುವುದು, ಕೋಆರ್ಡಿನೇಟರ್‌ರನ್ನು ನೇಮಿಸಿ ವರ್ಷಕ್ಕೊಮ್ಮೆ ಅವರ ಕೆಲಸವನ್ನು ಪರಾಮರ್ಶಿಸುವುದು ಮಂಡಳಿಯ ಪಾಲು. ದಿನನಿತ್ಯದ ವ್ಯವಹಾರ ಕೋಆರ್ಡಿನೇಟರ್‌ರದು. ಅವರು ಮಂಡಳಿಯನ್ನು ಕೇಳದೆ ಎಷ್ಟು ಖರ್ಚು ಮಾಡಬಹುದೆಂಬುದು ಬರಹದಲ್ಲಿರಬೇಕು, ಇಲ್ಲವಾದರೆ ಒಂದು ಪಂಪು ಕೆಟ್ಟರೂ ಜಗಳವೇ.

ಶುಲ್ಕ ಬಾಕಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾಕಿಯ ಲೆಕ್ಕವನ್ನು ಕೋಆರ್ಡಿನೇಟರ್ ಮಂಡಳಿಗೆ ತರುತ್ತಾರೆ, ಆದರೆ ಸದಸ್ಯನೊಬ್ಬನನ್ನು ತೆರವುಗೊಳಿಸುವ ನಿರ್ಣಯವನ್ನು ನೋಟಿಸು ಕೊಟ್ಟು, ಆತನಿಗೆ ಸಭೆಯಲ್ಲಿ ಮಾತನಾಡುವ ಅವಕಾಶ ಕೊಟ್ಟು ಮಂಡಳಿಯೇ ಮಾಡಬೇಕು. ಒಂಟಾರಿಯೊದಲ್ಲಿ 2014ರ ಜೂನ್‌ನಿಂದ ಇಂತಹ ಬಹುಪಾಲು ಪ್ರಕರಣಗಳು ನ್ಯಾಯಾಲಯದ ಬದಲು ಮನೆ ಬಾಡಿಗೆಯ ವ್ಯಾಜ್ಯಗಳನ್ನು ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಬೋರ್ಡ್‌ಗೆ ಹೋಗುತ್ತವೆ. ಆದಾಯಕ್ಕೆ ತಕ್ಕಂತೆ ಶುಲ್ಕ ಕಟ್ಟುವ ಕುಟುಂಬಗಳ ಸಂಬಳದ ಚೀಟಿಗಳು ಕಚೇರಿಯ ಕಡತದಲ್ಲಿರುತ್ತವೆ. ನಿರ್ದೇಶಕರೆಂಬ ಸಲಿಗೆಯಿಂದ ಅವುಗಳನ್ನು ನೋಡಲು ಕೇಳಬೇಡಿ. ನೆರೆಯವರ ಬಡತನವನ್ನು ತಿಳಿದುಕೊಳ್ಳುವ ಹಕ್ಕು ನಮಗಿಲ್ಲ.

ಸಿಬ್ಬಂದಿಯ ಮೇಲೆ ದೂರಿದ್ದರೆ ಮಂಡಳಿಗೆ ಬರೆದು ಕೊಡಬೇಕು. ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಅವರನ್ನು ಹೆಸರು ಹಿಡಿದು ಬಯ್ಯುವುದನ್ನು ಅಲ್ಲಿಯ ಕಾನೂನು ಕೆಲಸದ ಸ್ಥಳದ ಕಿರುಕುಳವೆಂದು ಎಣಿಸಬಹುದು, ಮತ್ತು ಅಂತಹ ದೂರು ಬಂದರೆ ವಿಚಾರಣೆ ನಡೆಸುವ ಕರ್ತವ್ಯ ಸಂಘದ್ದೇ. ಒಂಟಾರಿಯೊದಲ್ಲಿ ದುರಸ್ತಿ ಕೆಲಸಗಾರರಂತಹವರು ವಾರಕ್ಕೆ 44 ಗಂಟೆ ಮೀರಿ ದುಡಿದರೆ ಸಾಮಾನ್ಯವಾಗಿ ಒಂದೂವರೆ ಪಟ್ಟು ಸಂಬಳ ಸಲ್ಲಬೇಕು. ಸಿಬ್ಬಂದಿಯ ಸಮಯಕ್ಕೆ ಹೀಗೆ ಲೆಕ್ಕವಿರುವುದರಿಂದ, ಭಾನುವಾರ ಸಂಜೆ ಕೋಆರ್ಡಿನೇಟರ್‌ಗೆ ಫೋನು ಮಾಡಿ "ಹಾಗೇ ಒಂದು ಮಾತು" ಎನ್ನುವ ನಮ್ಮ ಊರಿನ ಪ್ರೀತಿಯ ರೂಢಿಯನ್ನು ಅಲ್ಲಿ ಬಿಡಬೇಕಾಗುತ್ತದೆ. ಭಾವನಿಗೋ ತಂಗಿಯ ಮಗನಿಗೋ ಸಂಘದ ಗುತ್ತಿಗೆ ಸಿಗುವ ಸಂದರ್ಭ ಬಂದರೆ, ಸಂಬಂಧವನ್ನು ಮೊದಲೇ ಹೇಳಿ, ಚರ್ಚೆಯಿಂದಲೂ ಮತದಿಂದಲೂ ಹೊರಗುಳಿಯಿರಿ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ರಿಪೇರಿಗೆ ಕಚೇರಿಯಲ್ಲಿ ಫಾರಂ ತುಂಬಿಸಿ ಕೊಡು, ನಕಲನ್ನು ಇಟ್ಟುಕೋ. ಎರಡು ವಾರವಾದರೂ ಯಾರೂ ಬರದಿದ್ದರೆ ಆ ನಕಲಿನೊಂದಿಗೆ ಮಂಡಳಿಗೆ ಬರೆ. ಮುಂದೆ ಚುನಾವಣೆಗೆ ನಿಲ್ಲುವ ಮನಸ್ಸಾದರೆ, ಹೆಸರು ಕೊಡುವ ಮೊದಲು ಬೈಲಾವನ್ನೂ ಕೋಆರ್ಡಿನೇಟರ್‌ರ ಕೆಲಸದ ವಿವರಣೆಯನ್ನೂ ಕೇಳಿ ಪಡೆದು ಓದು.