ಸೆಲ್ಫ್ ಬದಲಿಸುವ ಮೊದಲು ಅರ್ತ್ ನೋಡಿ

ಯಾರಾದರೂ ಫೋನ್ ಮಾಡಿ "ಭಾವಾ, ಗಾಡಿ ಸ್ಟಾರ್ಟ್ ಆಗ್ತಾ ಇಲ್ಲ" ಅಂದರೆ ನಾನು ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಕೀ ತಿರುಗಿಸಿದಾಗ ಏನು ಕೇಳಿಸುತ್ತದೆ? ಏನೂ ಇಲ್ಲವಾ? 'ಟಕ್' ಅಂತ ಒಂದು ಸದ್ದು ಬಂದು ನಿಲ್ಲುತ್ತದಾ? ಅಥವಾ ಇಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯುವುದಿಲ್ಲವಾ? ಈ ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ಕೇಳದೆಯೇ ಬ್ಯಾಟರಿ ಬದಲಿಸಿ, ಸೆಲ್ಫ್ (ಇಂಜಿನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಬದಲಿಸಿ ಎನ್ನುವವರು ಬಹಳ ಜನ ಇದ್ದಾರೆ. ಅವರು ಹೇಳಿದ್ದನ್ನೆಲ್ಲ ಹಾಕಿಸುತ್ತಾ ಹೋದರೆ ಹಳೇ ಗಾಡಿಗೆ ಅದರ ಬೆಲೆಗಿಂತ ಜಾಸ್ತಿ ಖರ್ಚಾಗುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ನಮ್ಮ ಅಡಿಕೆ ತೋಟ. ಅಂಗಳದ ಬದಿಗೆ ಶೀಟ್ ಹಾಕಿದ ಶೆಡ್ಡಿನಲ್ಲಿ 1993ರ ಮಾರುತಿ 800 ನಿಂತಿರುತ್ತದೆ. 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೊಡುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿ), ಕೈಯಲ್ಲಿ ಎಳೆಯುವ ಚೋಕ್. ಕಂಪ್ಯೂಟರ್ ಅಂತ ಒಂದೂ ಇಲ್ಲ. ಏನು ಕೆಟ್ಟರೂ ಕಣ್ಣಿಗೆ ಕಾಣುತ್ತದೆ ಅಥವಾ ಮೀಟರಿಗೆ ಸಿಗುತ್ತದೆ. ಅದೇ ಧೈರ್ಯದಲ್ಲಿ ನಾನು ಕೈ ಹಾಕಲು ಕಲಿತದ್ದು. ಇನ್ನೊಂದು ಕಾರಣ, ಪೇಟೆಯಿಂದ ಮೆಕ್ಯಾನಿಕ್ ನಮ್ಮ ಮನೆಯವರೆಗೆ ಬರಬೇಕಾದರೆ ಬಂದು ಹೋಗುವ ಖರ್ಚೇ ಬೇರೆ ಆಗುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಬಾಗಿಲು ಹಾಕಿದ ಕಪಾಟಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ಇನ್ನು ಶೆಡ್ಡಿನಲ್ಲಿ ನಿಂತ ಕಾರಿನ ವೈರುಗಳ ಗತಿ ಕೇಳಬೇಕಾ?

ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಆದದ್ದನ್ನೇ ಹೇಳುತ್ತೇನೆ. ಗಾಡಿ ಕೆಲವು ವಾರ ಸುಮ್ನೆ ನಿಂತಿತ್ತು. ಕೀ ತಿರುಗಿಸಿದರೆ 'ಟಕ್' ಅನ್ನುತ್ತದೆ, ಡ್ಯಾಶ್‌ಬೋರ್ಡಿನ ದೀಪ ಮಂಕಾಗುತ್ತದೆ, ಅಷ್ಟೇ. ಬ್ಯಾಟರಿ ಬಿಚ್ಚಿ ಒಂದು ಅಂಗಡಿಗೆ ಒಯ್ದೆ. ಅಲ್ಲಿ ಅದರ ಪ್ರಾಯ ಕೇಳಿ, "ಇದು ಹೋಯಿತು, ಹೊಸದು ಹಾಕಿ" ಅಂದರು. ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ವಿಷಯ ಹೇಳಿದರೆ, "ಅಣ್ಣಾ, ಅದು ಸೆಲ್ಫೇ. ಹೊಸದು ಹಾಕುವ" ಅಂತ ಉತ್ತರ. ಇಬ್ಬರೂ ಏನನ್ನೂ ಅಳೆಯಲಿಲ್ಲ. ಬ್ಯಾಟರಿಯನ್ನು ವಾಪಸ್ ತಂದು ಜಾಗಕ್ಕೆ ಕೂರಿಸಿ ಮಲ್ಟಿಮೀಟರ್ ತೆಗೆದೆ. ಕೆಲವು ನೂರು ರೂಪಾಯಿಗೆ ಸಿಗುವ ಹಳದಿ ಡಬ್ಬಿ. ನನ್ನ ಲೆಕ್ಕದಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೆ ಜಾಕಿಗಿಂತ ಇದೇ ಮೊದಲು ಬೇಕು.

ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆದರೆ 12.5 ವೋಲ್ಟ್. ಪೂರ್ತಿ ಚಾರ್ಜ್ ಇದ್ದರೆ 12.6ರ ಆಸುಪಾಸು, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿ. ಆದರೆ ಸುಮ್ನೆ ಕೂತ ಬ್ಯಾಟರಿಯ ವೋಲ್ಟೇಜ್ ಅರ್ಧ ಸತ್ಯ ಮಾತ್ರ. ಭಾರ ಬಿದ್ದಾಗ ಏನಾಗುತ್ತದೆ ಎಂದು ನೋಡಬೇಕು. ಮಗನನ್ನು ಕೂರಿಸಿ ಸೆಲ್ಫ್ ಹೊಡೆಯಲು ಹೇಳಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ. ಮೀಟರ್ 11.4ರಲ್ಲಿ ನಿಂತಿತು. ಬ್ಯಾಟರಿ ಸತ್ತಿದ್ದರೆ ಅದು 9.6ಕ್ಕಿಂತ ಕೆಳಗೆ ಬೀಳಬೇಕಿತ್ತು. ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಸೆಲ್ಫಿಗೆ ಅದು ಮುಟ್ಟುತ್ತಿಲ್ಲ. ಟ್ಯಾಂಕಿ ತುಂಬಾ ನೀರಿದ್ದರೂ ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ತೋಟದ ಸ್ಪ್ರಿಂಕ್ಲರ್ ತಿರುಗುವುದಿಲ್ಲವಲ್ಲ, ಹಾಗೆ.

ಕಸ ಎಲ್ಲಿ ಎಂದು ಹುಡುಕುವುದೂ ಅದೇ ಮೀಟರಿನಿಂದ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದು ಕಡ್ಡಿ ಇಂಜಿನಿನ ಬಣ್ಣ ಇಲ್ಲದ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ ಇಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ನನಗೆ ಸಿಕ್ಕಿದ್ದು 3 ವೋಲ್ಟಿನ ಹತ್ತಿರ. ಸೆಲ್ಫ್ ಮೋಟಾರ್ 100 ಆಂಪಿಯರ್ ಎಳೆಯುವ ಸಾಮಾನು. ದಾರಿಯಲ್ಲಿ 0.02 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಅಷ್ಟು ಸಣ್ಣ ತಡೆಯನ್ನು ಮೀಟರಿನ ಓಮ್ ಸೆಟ್ಟಿಂಗಿನಲ್ಲಿ ಅಳೆಯಲು ಹೋದರೆ ಎಲ್ಲವೂ ಸರಿ ಇದ್ದ ಹಾಗೆ ಕಾಣುತ್ತದೆ. ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಖಚಿತ ಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಜಂಪರ್ ಕೇಬಲಿನ ಒಂದು ಎಳೆಯನ್ನು ನೆಗೆಟಿವ್ ಕಂಬದಿಂದ ನೇರ ಇಂಜಿನಿನ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ನಮ್ಮ ಗಾಡಿ ಗರಗರ ತಿರುಗಿತು. ಹಾಗಾದರೆ ಬ್ಯಾಟರಿಯ ನೆಗೆಟಿವನ್ನು ಇಂಜಿನಿಗೆ ಸೇರಿಸುವ ಅರ್ತಿನ ಪಟ್ಟಿಯೇ ಕಳ್ಳ. ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸಿಗೆ ಬೋಲ್ಟ್ ಮಾಡಿದ ಕಡೆ ಹಸಿರು ಹುಡಿ ಕಟ್ಟಿತ್ತು. ಎಳೆದರೆ ತಾಮ್ರದ ಎಳೆಗಳು ಅರ್ಧಕ್ಕರ್ಧ ತುಂಡಾಗಿದ್ದವು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಕಂಪೆನಿ ಪಟ್ಟಿಯೇ ಬೇಕು ಅಂತಿಲ್ಲ. ಆಟೋ ಇಲೆಕ್ಟ್ರಿಕಲ್ ಕೆಲಸ ಮಾಡುವವರ ಹತ್ತಿರ ಅದೇ ಉದ್ದದ ದಪ್ಪ ಬ್ಯಾಟರಿ ಕೇಬಲಿಗೆ ಎರಡು ತುದಿಗೂ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿಸಿಕೊಂಡು ಬಂದೆ. ಬೋಲ್ಟ್ ಕೂರುವ ಜಾಗವನ್ನು ಸ್ಯಾಂಡ್‌ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಆಮೇಲೆ ಮೇಲಿಂದ ಗ್ರೀಸ್ ಹಚ್ಚಿದೆ. ಗ್ರೀಸ್ ಕೊನೆಗೆ, ಲೋಹ ಲೋಹಕ್ಕೆ ಕೂತ ಮೇಲೆ. ಬ್ಯಾಟರಿ ಕಂಬದ ಬಿಳಿ ಹುಡಿಯನ್ನು ಸೋಡಾ ಹುಡಿ ಕಲಸಿದ ನೀರಿನಲ್ಲಿ ತೊಳೆದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕೈಯಲ್ಲಿ ಉಂಗುರ, ಸ್ಟೀಲ್ ವಾಚ್ ಇದ್ದರೆ ತೆಗೆದಿಡಿ. ಒಟ್ಟು ಖರ್ಚು ಹೊಸ ಸೆಲ್ಫಿನ ಬೆಲೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಈಗ ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಹಳೇ ಗಾಡಿಯಲ್ಲಿ ಒಂದರ ಹಿಂದೆ ಇನ್ನೊಂದು ದೋಷ ಅಡಗಿರುವುದು ಸಾಮಾನ್ಯ.

ಈ ಹಂತದಲ್ಲಿ ಎಲ್ಲರೂ ಸೆಲ್ಫ್ ಒತ್ತಿ ಹಿಡಿದು ಬ್ಯಾಟರಿ ಖಾಲಿ ಮಾಡುತ್ತಾರೆ. ಒಮ್ಮೆಗೆ ಐದಾರು ಸೆಕೆಂಡ್ ಸಾಕು, ಆಮೇಲೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ನಿಜವಾಗಿಯೂ ಸೆಲ್ಫ್ ಸುಡುತ್ತದೆ. ಪೆಟ್ರೋಲ್ ಇಂಜಿನಿಗೆ ಬೇಕಾದ್ದು ಕಿಡಿ, ಪೆಟ್ರೋಲ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ). ಮಳೆಗಾಲದಲ್ಲಿ ನಾನು ಮೊದಲು ಸಂಶಯ ಪಡುವುದು ಕಿಡಿಯ ಮೇಲೆ.

ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೇ ಸಿಕ್ಕಿಸಿ, ಪ್ಲಗ್ಗಿನ ಮೈ ಇಂಜಿನಿಗೆ ತಾಗುವ ಹಾಗೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಸೆಲ್ಫ್ ಹೊಡೆಸಿದೆ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು, ಇದು ಮುಖ್ಯ. ನೀಲಿ ಬಣ್ಣದ ಚಟಚಟ ಕಿಡಿ ಬರಬೇಕು. ಬಂದದ್ದು ಹಳದಿ, ಅದೂ ಬಿಟ್ಟು ಬಿಟ್ಟು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಬೆವರಿದ ಹಾಗೆ ನೀರಿನ ಹನಿ. ಬ್ಯಾಟರಿಯ ವೋಲ್ಟೇಜನ್ನು ಏರಿಸುವ ಕಾಯಿಲಿನಿಂದ ಬರುವುದು ಸಾವಿರಾರು ವೋಲ್ಟ್. ತೇವ ಇದ್ದರೆ ಅದು ಪ್ಲಗ್ಗಿನವರೆಗೆ ಹೋಗುವ ಕಷ್ಟ ಯಾಕೆ ಪಡುತ್ತದೆ? ಅಲ್ಲೇ ಅಡ್ಡದಾರಿ ಹಿಡಿಯುತ್ತದೆ. ವೈರುಗಳನ್ನು ಬಿಚ್ಚುವ ಮೊದಲು ಯಾವುದು ಎಲ್ಲಿಗೆ ಎಂದು ಗುರುತು ಹಾಕಿಕೊಳ್ಳಿ. ಈ ಇಂಜಿನಿನ ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-3-2. ಎರಡು ವೈರ್ ಅದಲು ಬದಲಾದರೆ ಗಾಡಿ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ.

ಆಟಿಯಲ್ಲಿ ಬಿಸಿಲು ಎಲ್ಲಿಂದ? ಮುಚ್ಚಳವನ್ನೂ ವೈರುಗಳನ್ನೂ ಒರೆಸಿ ಬಚ್ಚಲೊಲೆಯ ಹತ್ತಿರ, ಕೈಗೆ ಹದ ಬಿಸಿ ತಾಗುವಷ್ಟು ದೂರದಲ್ಲಿ ಇಟ್ಟೆ. ಹೇರ್ ಡ್ರೈಯರ್ ಇದ್ದವರಿಗೆ ಇನ್ನೂ ಸುಲಭ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ ಮುಚ್ಚಳ ಹೋಯಿತು ಅಂತ ಅರ್ಥ, ಒರೆಸಿ ಉಪಯೋಗವಿಲ್ಲ. ನಮ್ಮದರಲ್ಲಿ ಗೆರೆ ಇರಲಿಲ್ಲ. ಪಾಯಿಂಟ್ ಮಾತ್ರ ಕಪ್ಪಾಗಿ ಸುಟ್ಟಿತ್ತು. ನಯವಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಇಟ್ಟು 0.4ರಿಂದ 0.5 ಮಿ.ಮೀ. ನಡುವೆ ಅಂತರ ಸರಿಮಾಡಿದೆ. ಪಾಯಿಂಟ್ ಪದೇ ಪದೇ ಸುಡುತ್ತಿದ್ದರೆ ತಪ್ಪು ಅದರ ಜೊತೆಗಿರುವ ಕಂಡೆನ್ಸರಿನದ್ದು. ಅದು ಚಿಲ್ಲರೆ ದುಡ್ಡಿನ ಸಾಮಾನು, ನಾನು ಪಾಯಿಂಟ್ ಜೊತೆಗೇ ಬದಲಿಸಿಬಿಡುತ್ತೇನೆ. ಪ್ಲಗ್ಗಿನ ಅಂತರ 0.7ರಿಂದ 0.8. ಪೇಟೆಯಲ್ಲಿ ಪಾಯಿಂಟ್ ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ. ಮುಚ್ಚಳ, ಅದರೊಳಗೆ ತಿರುಗುವ ರೋಟರ್ ಹೊಸದೇ ತೆಗೆಯಿರಿ. ಗುಜರಿಯಿಂದ ತರುವುದಾದರೆ ಸೆಲ್ಫ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತರಬಹುದು.

ನೀಲಿ ಕಿಡಿ ಬಂತು, ಗಾಡಿಯೂ ಹಿಡಿಯಿತು. ಕೂಡಲೇ ಬ್ಯಾಟರಿ ಕಂಬದಲ್ಲಿ ಮತ್ತೆ ಅಳೆದೆ. ಇಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಆಲ್ಟರ್ನೇಟರ್ ಸರಿ. ನಮ್ಮದು 14.1.

ಕಿಡಿ ಸರಿ ಇದ್ದೂ ಹಿಡಿಯದಿದ್ದರೆ ಪೆಟ್ರೋಲ್ ಕಡೆ ನೋಡಬೇಕು. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಜಾಸ್ತಿಯಾಗಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಣ ಇದ್ದರೆ ಪೆಟ್ರೋಲ್ ಬರುತ್ತಿಲ್ಲ. ಈ ಕಾರ್ಬೊರೇಟರಿನ ಬದಿಯಲ್ಲಿ ಸಣ್ಣ ಗಾಜಿನ ಕಿಟಕಿ ಇದೆ, ಒಳಗಿನ ಮಟ್ಟ ಕಾಣುತ್ತದೆ. ಅದು ಖಾಲಿ ಇದ್ದರೆ ಫಿಲ್ಟರ್, ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್), ಹೋಸ್ ಈ ಕ್ರಮದಲ್ಲಿ ನೋಡುತ್ತೇನೆ. ಇನ್ನೊಂದು, ಕೀ ಆನ್ ಮಾಡಿದಾಗ ಕಾರ್ಬೊರೇಟರಿನ ಸೊಲೆನಾಯ್ಡಿನಿಂದ (ಕರೆಂಟಿನಲ್ಲಿ ಪೆಟ್ರೋಲಿನ ದಾರಿ ತೆರೆಯುವ ಕವಾಟ) ಸಣ್ಣ ಕ್ಲಿಕ್ ಕೇಳಬೇಕು. ಅದರ ವೈರನ್ನು ಇಲಿ ಕಡಿದಿದ್ದರೆ ಗಾಡಿ ಸ್ಟಾರ್ಟ್ ಆದ ಹಾಗೆ ಮಾಡಿ ಸ್ಲೋದಲ್ಲಿ (ಆಕ್ಸಿಲರೇಟರ್ ಬಿಟ್ಟಾಗ) ನಿಲ್ಲದೆ ಆಫ್ ಆಗುತ್ತದೆ. ಅಡಿಕೆ ತೋಟದ ಮನೆಯಲ್ಲಿ ಇಲಿಯನ್ನು ಮರೆತು ಗಾಡಿ ರಿಪೇರಿ ಮಾಡಲಾಗುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ಜಾಸ್ತಿ ನೀರು ಸೇರಿದರೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಪಂಪ್ ಎಳೆಯುವುದು ಆ ತಳದಿಂದಲೇ. ಈ ಪೆಟ್ರೋಲಿಗೆಂದು ಮಾಡದ ಹಳೇ ರಬ್ಬರ್ ಹೋಸುಗಳೂ ಮೆತ್ತಗಾಗಿ ಬಿರಿಯುತ್ತವೆ. ನಮ್ಮ ಕಡೆಯವರು ನಾಲ್ಕು ರೂಪಾಯಿ ಉಳಿಸಲು ಗಡಿ ದಾಟಿ ತಲಪಾಡಿಯ ಆಚೆ ಕರ್ನಾಟಕಕ್ಕೆ ಹೋಗಿ ಫುಲ್ ಟ್ಯಾಂಕ್ ಹಾಕಿಸಿ, ಆಮೇಲೆ ಗಾಡಿಯನ್ನು ಮಳೆಗಾಲ ಪೂರ್ತಿ ನಿಲ್ಲಿಸುವುದುಂಟು. ನನ್ನ ಮಟ್ಟಿಗೆ ಅದು ಉಳಿತಾಯ ಅಲ್ಲ. ನಾನು ಮಳೆಗಾಲದಲ್ಲಿ ಬೇಕಾದಷ್ಟೇ ಹಾಕಿಸುತ್ತೇನೆ, ವಾರಕ್ಕೊಮ್ಮೆ ಪೆರ್ಲ ಪೇಟೆಗೆ ಹೋಗಿ ಬರುತ್ತೇನೆ. ಹೋಸ್ ಎಲ್ಲವನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿದ್ದೇನೆ.

ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಹೊರಗಿನಿಂದ ಹಾಕಿಸಿದ ಸ್ಟೀರಿಯೋದ ಮೇಲೆ ಕಣ್ಣಿಡಿ. ಕೀ ತೆಗೆದ ಮೇಲೂ ಅದು 0.3 ಆಂಪಿಯರ್ ಎಳೆದರೆ 35 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಐದು ದಿನದಲ್ಲಿ ಖಾಲಿ.

ಒಂದು ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಸೆಲ್ಫ್ ಹೊಡೆದಾಗ ಇಂಜಿನ್ ಎಂದಿಗಿಂತ ಹಗುರವಾಗಿ, ಜೋರಾಗಿ ತಿರುಗಿದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ರೋಟರ್ ತಿರುಗುತ್ತದಾ ಎಂದು ನೋಡುತ್ತೇನೆ. ತಿರುಗದಿದ್ದರೆ ಇಂಜಿನಿನ ಕವಾಟಗಳನ್ನೂ ಡಿಸ್ಟ್ರಿಬ್ಯೂಟರನ್ನೂ ನಡೆಸುವ ಟೈಮಿಂಗ್ ಬೆಲ್ಟ್ ತುಂಡಾಗಿದೆ. ಆಗ ಸೆಲ್ಫ್ ಇನ್ನೊಮ್ಮೆ ಮುಟ್ಟದೆ ಜೀಪಿಗೆ ಕಟ್ಟಿ ಗ್ಯಾರೇಜಿಗೆ ಎಳೆಸುವುದೇ.